ಅವಳ ಪಾಲಿನ ಅರ್ಧ

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಶುರು ಮಾಡಿದಾಗ, ನನಗೆ ತಲೆ ಕೆಟ್ಟಿದೆ ಎಂದು ಮುಂಬೈ ಹೊರವಲಯದ ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಎಲ್ಲರೂ ತೀರ್ಮಾನಿಸಿದ್ದರು. ಎದುರು ಮನೆಯ ಉಡುಪಿಯ ಅಕ್ಕ ಒಂದು ದಿನ ಬಾಗಿಲಲ್ಲೇ ನಿಂತು, “ಎಂತ ಮಾರಾಯ್ತಿ, ಹುಡುಗಿಯನ್ನು ಮನೆಯಲ್ಲೇ ಇಟ್ಟು ಉಪ್ಪಿನಕಾಯಿ ಹಾಕ್ತೀಯಾ?” ಎಂದರು. “ಹೌದಕ್ಕ, ಆದ ಮೇಲೆ ನಿಮಗೂ ಒಂದು ಭರಣಿ ಕೊಡ್ತೇನೆ” ಎಂದೆ. ನನ್ನ ಬಾಯಿಯೇ ಹಾಗೆ, ಕೆಣಕಿದರೆ ಸುಮ್ಮನಿರುವುದಿಲ್ಲ.

ನನ್ನ ಬೆನ್ನಿಗೆ ನಿಂತವರೆಂದರೆ ಪಕ್ಕದ ಕಲ್ಯಾಣದ ಚರ್ಚಿನಲ್ಲಿ ನಮ್ಮ ಕನ್ನಡ ಸಭೆಗೆ ಬರುತ್ತಿದ್ದ ಗದಗ ಕಡೆಯ ಒಂದು ಕುಟುಂಬ ಮಾತ್ರ. ಅವರೂ ಮಗಳಿಗೆ ಮನೆಯಲ್ಲೇ ಕಲಿಸುತ್ತಿದ್ದರು, ಆ ಹುಡುಗಿಗೂ ನನ್ನ ಮಗಳಿಗೂ ಒಂದೇ ವಯಸ್ಸು. ನಾನು ಇಬ್ಬರಿಗೂ ಗಣಿತ ಹೇಳಿಕೊಟ್ಟರೆ ಆ ತಾಯಿ ಇಬ್ಬರಿಗೂ ಕನ್ನಡ. ಆಮೇಲೆ ಆ ಮನೆಯ ಯಜಮಾನರಿಗೆ ಅಸ್ಸಾಮಿನ ಚಹಾ ತೋಟದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಸಾಮಾನು ಕಟ್ಟುವ ದಿನ ಹುಡುಗಿಯರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು ನೋಡಿ, ಬಿಡಿಸಲು ನಮ್ಮಿಂದ ಆಗಲಿಲ್ಲ.

ಆಗ ನಾವು ತಾಯಂದಿರು ಸೇರಿ ಒಂದು ಏರ್ಪಾಡು ಮಾಡಿದೆವು. ಪಾಠಕ್ಕೆ ಮೊದಲಿನ ಪ್ರಾರ್ಥನೆಯನ್ನು ಎರಡು ಮನೆಗೂ ಹಂಚಿಬಿಟ್ಟೆವು. ಬೆಳಿಗ್ಗೆ ಅಸ್ಸಾಮಿಗೆ ಕರೆ ಮಾಡಿ, ಫೋನನ್ನು ಮೇಜಿನ ಮೇಲಿಟ್ಟು ನನ್ನ ಮಗಳು, “ಕರ್ತನೇ, ಮನೆಯಲ್ಲಿ ಇರುವವರನ್ನು ಕಾಪಾಡು” ಎನ್ನಬೇಕು. ಅಲ್ಲಿಂದ ಆ ಹುಡುಗಿ, “ದಾರಿಯಲ್ಲಿ ಇರುವವರನ್ನು ಮನೆಗೆ ಸೇರಿಸು” ಎಂದು ಮುಗಿಸಬೇಕು. ಪ್ರಾರ್ಥನೆ ಮುಗಿಯದೆ ಪುಸ್ತಕ ತೆರೆಯಕೂಡದು. ಈ ನಿಯಮ ಹಾಕಿದವಳು ನಾನೇ.

ಆ ಹುಡುಗಿಗೆ ಸದಾ ಶೀತ. ತನ್ನ ಪಾಲು ಹೇಳುವ ಮೊದಲು “ಹ್ಞುಂ” ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ತೋಟದಲ್ಲಿ ನೆಟ್‌ವರ್ಕ್ ಕೈಕೊಟ್ಟ ದಿನ ನಮಗೆ ಕೇಳುತ್ತಿದ್ದದ್ದು ಆ ಹ್ಞುಂಕಾರ ಒಂದೇ. ನನ್ನ ಮಗಳಿಗೆ ಅದೇ ಸಾಕಾಗುತ್ತಿತ್ತು, “ಹೋ ಗಯಾ, ಮುಗೀತು, ಅವಳು ಇದ್ದಾಳೆ” ಎಂದು ಪುಸ್ತಕ ಎಳೆದುಕೊಳ್ಳುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಆ ಹುಡುಗಿಗೆ ಮಿದುಳು ಜ್ವರ ಬಂತು. ಆಸ್ಪತ್ರೆಯವರ ಮನೆಯ ಮಗು, ಔಷಧಿಗೆ ಕೊರತೆಯಿರಲಿಲ್ಲ. ಆದರೂ ಉಳಿಯಲಿಲ್ಲ. ಅಲ್ಲೇ, ತೋಟದ ಸ್ಮಶಾನದಲ್ಲಿ ಮಣ್ಣು ಮಾಡಿದರು. ನಾವು ಹೋಗಲಾಗಲಿಲ್ಲ. ವಿಷಯ ಹೇಳಿದಾಗ ಮಗಳು ಅಳಲಿಲ್ಲ, ಸುಮ್ಮನೆ ಎದ್ದು ಹೋಗಿ ಫೋನನ್ನು ಚಾರ್ಜಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತಳು. ಯಾರಿಗೂ ಕರೆ ಮಾಡಿರಲಿಲ್ಲ, ಪರದೆ ಕಪ್ಪಗಿತ್ತು. “ಕರ್ತನೇ, ಮನೆಯಲ್ಲಿ ಇರುವವರನ್ನು ಕಾಪಾಡು” ಎಂದಳು. ಅಷ್ಟೇ. ಕೈಮುಗಿದುಕೊಂಡು ಕಾಯತೊಡಗಿದಳು. ಪುಸ್ತಕ ತೆರೆ ಎಂದರೆ, “ಪ್ರಾರ್ಥನೆ ಮುಗಿದಿಲ್ಲ ಮಮ್ಮಿ” ಎಂದಳು. ಅದರ ಮರುದಿನವೂ ಅದೇ. ವಾರಗಳು ಉರುಳಿದವು, ಒಂದು ಲೆಕ್ಕವಿಲ್ಲ, ಒಂದು ಪಾಠವಿಲ್ಲ. ಮಧ್ಯಾಹ್ನ ನಾನು ಊಟದ ತಟ್ಟೆ ತರುವಾಗಲೂ ಅವಳು ಅಲ್ಲೇ ಇರುತ್ತಿದ್ದಳು.

ದೇವರಾಣೆ ಹೇಳುತ್ತೇನೆ, ಆ ಮೌನಕ್ಕೆ ನಾನು ಹೆದರಿದೆ. ನನ್ನ ಗಂಡ ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಮಹಾಪೆಗೆ ಕೆಲಸಕ್ಕೆ ಹೋಗುವವರು, ಬಾಗಿಲಲ್ಲಿ ನೇತಾಡುವ ಜನರ ನಡುವೆ. ದಾರಿಯಲ್ಲಿ ಇರುವವರಿಗಾಗಿ ಈಗ ನಮ್ಮ ಮನೆಯಲ್ಲಿ ಯಾರೂ ಬೇಡುತ್ತಿಲ್ಲವಲ್ಲ ಎಂಬ ಯೋಚನೆ ತಲೆಗೆ ಹೊಕ್ಕಿತು. ಅವರ ಫೋನು ತಡವಾದರೆ ನಾನೇ ಮತ್ತೆ ಮತ್ತೆ ಕರೆ ಮಾಡುತ್ತಿದ್ದೆ. ಇನ್ನೂ ಒಂದು ಇತ್ತು, ಯಾರಿಗೂ ಹೇಳಿರಲಿಲ್ಲ. ಮಗಳು ತನ್ನ ಪಾಲು ಹೇಳಿ ನಿಲ್ಲಿಸಿದ ಕೂಡಲೇ, ಫ್ಯಾನಿನ ಸದ್ದಿನ ಅಡಿಯಲ್ಲಿ ನನಗೆ ಆ “ಹ್ಞುಂ” ಕೇಳುತ್ತಿತ್ತು. ನನ್ನ ಭ್ರಮೆ ಎಂದುಕೊಂಡಿದ್ದೆ. ಒಂದು ದಿನ ಮಗಳು ಕಣ್ಣು ತೆರೆಯದೆ ಕೇಳಿದಳು: “ನಿನಗೂ ಸುನಾಯಿ ದಿಯಾ ಕ್ಯಾ, ಕೇಳಿಸ್ತಾ?”

ನನಗೆ ತಡೆಯಲಾಗಲಿಲ್ಲ. ಮೌನ ಮುಚ್ಚಿದರೆ ಸಾಕೆಂದು ಗಡಬಡಿಸಿ, “ದಾರಿಯಲ್ಲಿ ಇರುವವರನ್ನು ಮನೆಗೆ ಸೇರಿಸು, ಆಮೆನ್” ಎಂದು ನಾನೇ ಹೇಳಿಬಿಟ್ಟೆ. ಮಗಳು ಚೀರಿದಳು. “ಅದು ನಿನ್ನದಲ್ಲ! ಅದು ಅವಳದ್ದು! ನೀನು ಹೇಳಿದರೆ ಅವಳು ಯಾಕೆ ಬರ್ತಾಳೆ?”

ರಾತ್ರಿ ಊಟಕ್ಕೆ ಕೂತಾಗ ಗಂಡ ಮೆಲ್ಲಗೆ, “ಶಾಲೆಗೆ ಹಾಕುವಾ. ನಾಲ್ಕು ಮಕ್ಕಳ ಜೊತೆ ಸೇರಿದರೆ ಸರಿಹೋದಾಳು. ಈ ತಿಂಗಳು ನೋಡುವಾ, ಮತ್ತೆ ನಿನ್ನ ಹಟ ಬೇಡ” ಎಂದರು. ಕೆಣಕಿದರೆ ಸುಮ್ಮನಿರದ ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಮಗಳು ಮೇಜಿನ ಮುಂದೆ ಕೂತಿದ್ದಾಗಲೇ ಫೋನು ರಿಂಗಾಯಿತು. ಅವಳು ಬೆಚ್ಚಿ ಹಿಂದೆ ಸರಿದಳು. ಅಸ್ಸಾಮಿನದೇ ನಂಬರು. ನಾನು ಸ್ಪೀಕರ್ ಹಾಕಿದೆ. ಮಗಳನ್ನು ಮಣ್ಣು ಮಾಡಿದಂದಿನಿಂದ ಮಾತೇ ಆಡದಿದ್ದ ಆ ತಾಯಿ.

“ಅಕ್ಕಾರ, ನಿಮ್ಮ ಹುಡುಗಿ ಅದಾಳೇನ್ರಿ? ದಿನಾ ಮುಂಜಾನಿ ಜಗಲಿ ಮ್ಯಾಲ ಕುಂದರತೇನ್ರಿ ನಾ. ನಮ್ಮ ಮನ್ಯಾಗ ಈಗ ಪ್ರಾರ್ಥನಿ ಸುರು ಮಾಡವ್ರು ಯಾರೂ ಇಲ್ರಿ.”

ಮಗಳು ತಾನಾಗಿ ಮುಂದೆ ಬಂದು ಕೈಮುಗಿದಳು.

“ಕರ್ತನೇ, ಮನೆಯಲ್ಲಿ ಇರುವವರನ್ನು ಕಾಪಾಡು.”

ಆ ಕಡೆಯಿಂದ “ಹ್ಞುಂ” ಎಂದು ಗಂಟಲು ಸರಿಮಾಡಿಕೊಂಡ ಸದ್ದು. ಅದೇ ಸದ್ದು. ಮಗಳು ನನ್ನ ಮುಖ ನೋಡಿದಳು.

“ದಾರಿಯಲ್ಲಿ ಇರುವವರನ್ನು...” ಎಂದರು ಆ ತಾಯಿ. ಮುಂದಕ್ಕೆ ಬರಲಿಲ್ಲ. ಇನ್ನೊಮ್ಮೆ “ದಾರಿಯಲ್ಲಿ...” ಎಂದರು. ಆಮೇಲೆ ಬರೀ ಬಿಕ್ಕಳಿಕೆ.

ಮಗಳು ಎರಡೂ ಕೈಯಲ್ಲಿ ಫೋನನ್ನು ಎತ್ತಿ ಬಾಯಿಯ ಹತ್ತಿರ ಹಿಡಿದುಕೊಂಡಳು.

“ಮನೆಗೆ ಸೇರಿಸು, ಆಂಟಿ” ಎಂದಳು. “ಮನೆಗೆ ಸೇರಿಸು.”