ಬೊಮ್ಮನಹಳ್ಳಿಯ ಅದುರುವ ಮಹಡಿ

ಅಂಗಾಲಿಗೆ ಯಾರೋ ಕಚಗುಳಿ ಇಟ್ಟಂತಾಯಿತು. ಚಪ್ಪಲಿ ಕಳಚಿ ನಿಂತೆ. ಅದುರುತ್ತಿದ್ದುದು ನೆಲ!

ಕಳೆದ ವಾರದ ಮಾತು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನ ಎರಡನೇ ಮಹಡಿ. ನಾನಲ್ಲಿಗೆ ಹೋಗಿದ್ದು ತಂಗಿ ವಸುಧಾಳ ಡ್ರೈವರ್ ಆಗಿ. (ಅವಳ ಕಾರು ಸರ್ವಿಸಿಗೆ ಹೋಗಿತ್ತು. ಅಂಕಣ ಬರೆಯುವವನಿಗೆ ಇನ್ನೇನು ಕೆಲಸ?) ಅವಳು ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಎಂಜಿನಿಯರ್. ಹೊಸ ಮೆಷಿನ್‌ಗಳು ಬಂದ ಮೇಲೆ ನೆಲ ಅದುರುತ್ತಿದೆಯೆಂದು ಅಲ್ಲಿನ ಹೆಂಗಸರು ಗಲಾಟೆ ಮಾಡಿದ್ದರು. ನಕ್ಷೆ ನೋಡಿ ವಸುಧಾ ಕಂಪ್ಯೂಟರಿನಲ್ಲಿ ಕಟ್ಟಡದ ಮಾಡೆಲ್ ಮಾಡಿದ್ದಳು. ಮಾಡೆಲ್ ಪ್ರಕಾರ ಎಲ್ಲವೂ ಓಕೆ.

ಅವಳಿಗೆ ಮಾತ್ರ ಸಮಾಧಾನವಿರಲಿಲ್ಲ. ಊಟದ ಹೊತ್ತಿಗೆ ಮೆಷಿನ್ ನಿಲ್ಲಿಸಲು ಹೇಳಿ, ನೆಲಕ್ಕೆ ಅಲ್ಲಲ್ಲಿ ಸೆನ್ಸರ್ ಅಂಟಿಸಿದಳು. ರಬ್ಬರ್ ಸುತ್ತಿಗೆಯಿಂದ ಗುದ್ದಿದಳು. ಲ್ಯಾಪ್‌ಟಾಪ್‌ನಲ್ಲಿ ಗೆರೆಗಳು ಕುಣಿದವು. ಅವಳ ಹುಬ್ಬು ಗಂಟಾಯಿತು.

"ಏನಾಯ್ತೇ?"

"ಮಾಡೆಲ್ ಹೇಳಿದ್ದಕ್ಕಿಂತ ನಿಧಾನಕ್ಕೆ ಅದುರ್ತಿದೆ ಕಣೋ. ಸಡಿಲ ತಂತಿ ಥರ. ಎಲ್ಲೋ ಬಿಗಿ ತಪ್ಪಿದೆ."

ಎಲ್ಲಿ? ಅವಳು ಮೆಟ್ಟಿಲ ಮೇಲೆ ಕೂತು, ಮಾಡೆಲ್‌ನ ಒಂದೊಂದೇ ಜೋಡಣೆ ಸಡಿಲಿಸಿ, ಅಳತೆಗೆ ಹೊಂದುತ್ತದಾ ಎಂದು ನೋಡತೊಡಗಿದಳು. ನಾನು ಹತ್ತಿ ಇಳಿದು ಒದ್ದಾಡಿದೆ. ಅಷ್ಟರಲ್ಲಿ ಊಟ ಮುಗಿದ ಬೆಲ್ ಹೊಡೆಯಿತು. ಗದಗ ಕಡೆಯ ರೇಣುಕಾ ಎಂಬಾಕೆ ಬಾಗಿಲಲ್ಲಿ ನಿಂತು ಕೇಳಿದಳು: "ಅಣ್ಣಾರ, ಒಳಗ ಕುಂದ್ರೂದೋ ಬ್ಯಾಡೋ? ಹೇಳ್ರಿ."

ನಾನು ವಸುಧಾಳ ಕಡೆ ನೋಡಿದೆ; ಅವಳು ಲ್ಯಾಪ್‌ಟಾಪ್‌ನಿಂದ ಕಣ್ಣೆತ್ತಲಿಲ್ಲ.

"ಸ್ವಲ್ಪ ತಡೀರಮ್ಮ" ಎಂದೆ.

ಕೊನೆಗೆ ಲೆಕ್ಕ ಕೂಡಿತು. ಹಿಂಬದಿಯ ಒಂದು ಬೀಮು ಕಂಬವನ್ನು ಸರಿಯಾಗಿ ಹಿಡಿದಿಲ್ಲ ಎಂದುಕೊಂಡಾಗ ಮಾತ್ರ ಮಾಡೆಲ್ಲೂ ನೆಲವೂ ಒಂದೇ ಥರ ಅದುರಿದವು. ಕೆಳಮಹಡಿಯ ಫಾಲ್ಸ್ ಸೀಲಿಂಗ್ ಬಿಚ್ಚಿಸಿದರೆ, ಬೀಮಿನ ತುದಿಯಲ್ಲಿ ಉದ್ದನೆಯ ಬಿರುಕು!

ಓನರ್ ಬೆವರು ಒರೆಸಿಕೊಂಡರು. "ಮೇಡಂ, ಶಿಪ್‌ಮೆಂಟ್ ಇದೆ. ನಿಮ್ಮ ಮೊದಲನೇ ಮಾಡೆಲ್ ಓಕೆ ಅಂದಿತ್ತಲ್ಲ, ಅದನ್ನೇ ಇಟ್ಕೊಳೋಕಾಗಲ್ವಾ?"

"ಅದು ಕಟ್ಟಡ ಮುಟ್ಟದೆ ಹೇಳಿದ್ದು ಸಾರ್. ಈಗ ಮುಟ್ಟಿ ನೋಡಿದೀನಿ. ಮೊದಲು ಜನಾನ ಕೆಳಗಿಳಿಸಿ."

ಇಳಿಸಿದರು. ಬೀಮಿಗೆ ಈಗ ಕಬ್ಬಿಣದ ಆಸರೆ ಕೊಟ್ಟು ರಿಪೇರಿ ನಡೆಯುತ್ತಿದೆ. ಮೆಷಿನ್‌ಗಳು ನೆಲಮಹಡಿಗೆ ಬಂದಿವೆ.

ನನಗೆ ಮಾತ್ರ ಇನ್ನೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಆ ಹೆಂಗಸರು ಗಲಾಟೆ ಮಾಡದೆ, ತಲೆ ತಗ್ಗಿಸಿ ಹೊಲಿಯುತ್ತಲೇ ಕೂತಿದ್ದರೆ?