ತಂತಿ ಬಿಗಿದ ಬೆಳ್ಳಕ್ಕಿಗಳು

ಹೋದ ವಾರ ಈ ಅಂಕಣದಲ್ಲಿ ಬಸ್ಸಿನ ಬಗ್ಗೆ ಬರೆದೆ. ಅದಕ್ಕೂ ಮುಂಚೆ ಮೊಬೈಲ್ ಬಗ್ಗೆ. ನಿಜ ಹೇಳಲೇ? ಒಂದು ವಿಷಯ ಹೇಳದೆ ತಪ್ಪಿಸಿಕೊಳ್ಳಲೆಂದೇ ಅಷ್ಟೆಲ್ಲ ಬರೆದೆ.

ಮೊನ್ನೆ ಕೊಪ್ಪಳದಲ್ಲಿ ಒಂದು ಕಲಾ ಪ್ರದರ್ಶನಕ್ಕೆ ಹೋಗಿದ್ದೆ. ಮರದ ಗಾಲಿಗಳ ಕಲಾಕೃತಿಯೊಂದರ ಮುಂದೆ ರೂಢಿಯಂತೆ ಕೈ ಹಿಂದೆ ಕಟ್ಟಿ ನಿಂತೆ. ಅದನ್ನು ಮಾಡಿದ ಹೆಣ್ಣುಮಗಳು ನಕ್ಕಳು.

"ಮುಟ್ರಿ ಅಜ್ಜಾರ. ನೀವು ತಿರುಗಿಸಿದ್ರ ಅಷ್ಟ ಇದು ಪೂರ್ತಿ ಆಗೋದು."

ಕೈ ಮುಂದೆ ಬರಲಿಲ್ಲ.

ಬಹಳ ಹಿಂದೆ ನಾನು ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಜವಾನನಾಗಿದ್ದೆ (ಓದಿದ್ದೂ ಅಷ್ಟೇ, ಹೈಸ್ಕೂಲು). ಒಂದು ವರ್ಷ ಶಾಲೆಯ ವಸ್ತುಪ್ರದರ್ಶನದ ದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪೆಡಲ್, ಚೈನು ಇದ್ದ ಹಳೆಯ ಸೈಕಲ್ ಚಕ್ರಕ್ಕೆ ತಗಡಿನ ಬೆಳ್ಳಕ್ಕಿಗಳನ್ನು ಜೋಡಿಸಿ ತಂದಳು. ಪೆಡಲ್ ತಿರುಗಿಸಿದರೆ ಒಂದರ ಹಿಂದೊಂದು ರೆಕ್ಕೆ ಎತ್ತುತ್ತಿದ್ದವು. ಅತಿಥಿಗಳು ಮೆಚ್ಚಿದರೆ ಚಿತ್ರಕಲೆ ಓದಿಸುತ್ತೇನೆಂದು ಅವಳ ಅಪ್ಪ ಒಪ್ಪಿದ್ದ.

ಅತಿಥಿಗಳ ಭಾಷಣ ನಡೆದಾಗಲೂ ಮಕ್ಕಳು ತಿರುಗಿಸುತ್ತಲೇ ಇದ್ದರು. ಕಿರ್ರ್, ಕಿರ್ರ್. ಹೆಡ್‌ಮಾಸ್ತರರು ನನ್ನನ್ನು ಗುರಾಯಿಸಿದರು. ನಾನು ಚಕ್ರದ ಹಿಂದೆ, ಗೋಡೆಯ ಕಡೆಗೆ, ಅದು ತಿರುಗದಂತೆ ತಂತಿ ಬಿಗಿದೆ. ಆಮೇಲೆ ಬಿಚ್ಚಿದರಾಯಿತು ಎಂದುಕೊಂಡವನು ಚಹಾ ಹಂಚುವುದರಲ್ಲಿ ಮರೆತೆ.

ಭಾಷಣ ಮುಗಿಸಿ ಮುಖ್ಯ ಅತಿಥಿ ಚಕ್ರದ ಬಳಿ ಬಂದರು.

"ಸರ್, ನೀವ ತಿರುಗಸ್ರಿ. ನೋಡಾವ್ರು ತಿರುಗಿಸಿದ್ರ ಅಷ್ಟ ಇವು ಹಾರ್ತಾವ," ಎಂದಳು ಹುಡುಗಿ.

ಪೆಡಲ್ ಅಲುಗಲಿಲ್ಲ.

"ಏನವ್ವಾ, ನಿನ್ನ ಹಕ್ಕಿಗೆ ಇವತ್ತು ರಜಾ ಏನು?" ಎಂದರು ಅತಿಥಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿದ್ದಾಗಲೇ ತಂತಿ ನೆನಪಾಯಿತು.

ಅವಳು ಮೊಣಕಾಲೂರಿ ಚೈನು ಎಳೆದಾಡಿದಳು. ಕೈಯೆಲ್ಲ ಕರಿ. "ನಿನ್ನೆ ಛಲೋ ತಿರಗತಿತ್ರಿ... ನಂದ ಏನೋ ತಪ್ಪಾಗೇತ್ರಿ."

"ಸಾಕು, ಏಳು. ಗುಜರಿ ಸಾಮಾನಿನಾಗ ಏನ್ ಚಿತ್ರ ಐತಿ?" ಎಂದ ಅಪ್ಪ.

ಇಕ್ಕಳ ನನ್ನ ಕಿಸೆಯಲ್ಲೇ ಇತ್ತು. ಜನರೆದುರು ಬೈಸಿಕೊಳ್ಳಲು ಅಂಜಿದೆ. ಎಲ್ಲರೂ ಹೋದ ಮೇಲೆ ತಂತಿ ಕತ್ತರಿಸಿದೆ. ಪೆಡಲ್‌ಗೆ ಬೆರಳು ತಾಗಿದ್ದೇ ತಡ, ಹಕ್ಕಿಗಳೆಲ್ಲ ರೆಕ್ಕೆ ಎತ್ತಿದವು. ನೋಡಲು ನಾನೊಬ್ಬನೇ.

ವರ್ಷಗಳ ನಂತರ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದಳು. "ಆರಾಮ್ರೀ ಕಾಕಾ?"

"ಆರಾಮವ್ವಾ. ಚಿತ್ರ ಗಿತ್ರ ಮಾಡ್ತೀಯೇನು?"

"ಎಲ್ಲಿದ್ರಿ! ನಾ ಮಾಡಿದ್ದು ತಿರಗಂಗಿಲ್ಲಲ್ರೀ ಕಾಕಾ," ಎಂದು ನಕ್ಕಳು.

ಆಗಲಾದರೂ ಹೇಳಬಹುದಿತ್ತಲ್ಲ? ಬಸ್ ಬಂತು. ಹತ್ತಿಬಿಟ್ಟೆ.

ಈಗಿನ ಕಲೆಯಲ್ಲಿ ನೋಡುವವನೂ ಪಾಲುದಾರನಂತೆ. ಇದರಲ್ಲಿ ಹೊಸದೇನಿದೆ? ಅವತ್ತೂ ಒಬ್ಬ ನೋಡುಗನ ಕೈ ಇತ್ತಲ್ಲ, ನನ್ನದು?

ನಿನ್ನ ಹಕ್ಕಿಗಳು ಕೆಟ್ಟಿರಲಿಲ್ಲವ್ವಾ, ಹನುಮಸಾಗರದ ಹುಲಿಗೆವ್ವಾ.