ಪಾಲು ಹಾಕಿದವಳಿಗೆ ಕೊನೆಯ ಗುಡ್ಡೆ

ನಮ್ಮೂರ ಕೆರೆ ಏರಿಯ ಹುಣಸೆ ಮರಗಳು ಇಡೀ ಊರಿನವು. ಶಿವರಾತ್ರಿ ಕಳೆದ ಮೇಲೆ ಎಲ್ಲರೂ ಸೇರಿ ಹಣ್ಣು ಬಡಿಯುವುದು, ಮನೆಗೊಂದು ಪಾಲು. ಆದರೆ ಪಾಲು ಮಾಡುತ್ತಿದ್ದದ್ದು ಗೌಡರ ಹಿತ್ತಲಲ್ಲಿ, ಬಾಗಿಲು ಹಾಕಿಕೊಂಡು. ಒಳಗೆ ನಾಲ್ಕು ಜನ ಗಂಡಸರು. ಹೆಂಗಸರು ಮಂಕರಿ ಹಿಡಿದು ಹೊರಗೆ ನಿಂತು, ಕೊಟ್ಟಷ್ಟು ತರಬೇಕು.

ಆ ವರ್ಷ ನಾನೂ ನನ್ನ ಗಂಡನೂ ಅತ್ತೆ ಮನೆಯಿಂದ ಬೇರೆಯಾಗಿದ್ದೆವು. ಬೇರೆ ಒಲೆ ಹೂಡಿದ ಮೇಲೆ ಬೇರೆ ಪಾಲು ಬರಬೇಕು. ಬಂದರೆ ಆಂಡರ್ಸನ್‌ಪೇಟೆಗೆ ಹೊತ್ತು ಮಾರಿ ಒಂದು ಆಡಿನ ಮರಿ ಕೊಳ್ಳುವ ಆಸೆ ನನಗೆ. ಅಲ್ಲಿ ಚಿನ್ನದ ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲ. ಗಣಿ ಕೂಲಿಗಳ ಲೈನುಮನೆಗಳ ತಮಿಳು ಹೆಂಗಸರಿಗೆ ಹುಣಸೆಹಣ್ಣು ಎಷ್ಟಿದ್ದರೂ ಸಾಲದು. ಅತ್ತೆ ಮಾತ್ರ, "ಒಲೆ ಎಲ್ಡಾದ್ರೇನು, ಮನೆ ಒಂದೇ" ಅಂತ ಗೌಡರ ಕಿವಿಗೆ ಹಾಕಿಬಿಟ್ಟಿದ್ದಳು.

ಪಾಲಿನ ದಿನ ನಾನು ಹಿತ್ತಲ ಬಾಗಿಲು ತಳ್ಳಿದೆ. "ಗೌಡ್ರೇ, ಊರ ಅಣ್ಣು ಊರ ಮುಂದೆ ಸುರೀರಿ. ನಂಗೆ ಪಾಲು ಐತೋ ಇಲ್ವೋ ಎಲ್ರೂ ಸೇರಿ ಏಳ್ಲಿ."

"ಏನಮ್ಮಿ, ಮೊನ್ನೆ ಬಂದೋಳು ನಮ್ಗೇ ಏಳ್ಕೊಡ್ತೀಯಾ?"

ಅಷ್ಟರಲ್ಲಿ ಉಳಿದ ಹೆಂಗಸರೂ ಮಂಕರಿ ಸಮೇತ ನನ್ನ ಹಿಂದೆ ನುಗ್ಗಿದ್ದರು. ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲ. ಹಣ್ಣು ಊರ ಕಣಕ್ಕೆ ಬಂತು.

ಕಣದಲ್ಲಿ ಗೌಡರು ನನಗೆ ಬೇರೆ ಪಾಲು ಕೊಡಬೇಕೋ ಬೇಡವೋ ಅಂತ ಎಲ್ಲರನ್ನೂ ಕೇಳಿದರು. ಪಕ್ಕದ ಮನೆಯ ಮುದುಕಿ ಅತ್ತೆಯ ಕಡೆ ತಿರುಗಿದಳು: "ಏನಕ್ಕ, ನೆನ್ನೆ ಕೆಂಡ ಕೇಳಾಕೆ ಬಂದ್ರೆ, 'ನಮ್ಮನೇಲಿಲ್ಲ, ಸೊಸೆ ಮನೇಗೋಗು' ಅಂದ್ಯಲ್ಲ?"

ಕಣವೆಲ್ಲ ನಕ್ಕಿತು. ಬೇರೆ ಪಾಲು ಕೊಡಲೇಬೇಕು ಅಂತ ಎಲ್ಲರೂ ಅಂದರು.

"ಆಯ್ತು," ಅಂದರು ಗೌಡರು, "ಇಷ್ಟು ಬಾಯಿರೋಳು ನೀನೇ ಗುಡ್ಡೆ ಆಕು. ಆಕ್ದೋಳಿಗೆ ಕೊನೇದು."

ಹಾಕಿದೆ. ಇಲ್ಲಿಂದ ತೆಗೆದು ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಕೊನೆಗೆ ಯಾವುದು ದೊಡ್ಡದು ಅಂತ ಒಬ್ಬರಿಗೂ ತಿಳಿಯಲಿಲ್ಲ. ಗೌಡರು ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಸುತ್ತಿದ್ದೇ ಸುತ್ತಿದ್ದು.

"ಬಾಲ ಎತ್ತಿ ನೋಡ್ತೀರಾ ಗೌಡ್ರೇ?" ಅಂದಳು ಮುದುಕಿ.

ಎಲ್ಲರೂ ಎತ್ತಿಕೊಂಡ ಮೇಲೆ ಉಳಿದದ್ದು ನನ್ನದು. ಯಾರದಕ್ಕೂ ಕಡಿಮೆ ಇರಲಿಲ್ಲ.

"ಇಂಗೆ ಸಮ ಮಾಡೋದು ಯಾರ್ತಾವ ಕಲ್ತೆ?" ಅಂದಳು ಅತ್ತೆ.

"ನಿಮ್ಮನೇಲಿ ಮುದ್ದೆ ಕಟ್ಟೋದು ನೋಡಿ. ಮಗನಿಗೆ ದೊಡ್ಡದು, ಸೊಸೆಗೆ ಚಿಕ್ಕದು. ಅಂಗೆ ಮಾಡಬಾರ್ದು ಅಂತ ಕಲ್ತೆ."

ಅತ್ತೆ ಬಯ್ಯುತ್ತಲೇ ನನ್ನ ತಲೆಗೆ ಮಂಕರಿ ಎತ್ತಿಕೊಟ್ಟಳು.

ಅಲ್ಲಿಂದಾಚೆಗೆ ಪಾಲು ಕಣದಲ್ಲೇ. ಆಡೂ ಬಂತು. ಬಂದ ದಿನವೇ ಅತ್ತೆಯ ಹಿತ್ತಲಿಗೆ ನುಗ್ಗಿ ನುಗ್ಗೆಗಿಡ ಬೋಳಿಸಿತು. ಅದರ ಲೆಕ್ಕದಲ್ಲಿ ಮನೆ ಒಂದೇ.